ಸಹಾಯ ಬೇಕು: ಅಜ್ಜಿಯ ಜೋಮಾಲೆ ರಿಪೇರಿಗೆ ಅಕ್ಕಸಾಲಿಗರು

ಎಲ್ಲರಿಗೂ ನಮಸ್ಕಾರ. ಮಡಿಕೇರಿ, ವಿರಾಜಪೇಟೆ, ಮೈಸೂರು ಕಡೆ ಹಳೇ ಜೋಮಾಲೆ (ಕೊಡವರ ಚಿನ್ನದ ಗುಂಡಿನ ಸರ) ರಿಪೇರಿ ಮಾಡುವ ಅಕ್ಕಸಾಲಿಗರು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ನಮ್ಮ ಅಜ್ಜಿಯದು. ತೆಳು ಚಿನ್ನದ ತಗಡಿನ ಗುಂಡುಗಳು, ಒಳಗೆ ಅರಗು. ಕೆಲವು ನೆಗ್ಗಿವೆ, ಕಪ್ಪು ದಾರ ಜೀರ್ಣವಾಗಿದೆ. ನೇರ ಬೆಂಕಿ ತಾಗಿದರೆ ಅರಗು ಕರಗುತ್ತದೆ, ಹಾಗಾಗಿ ಈ ಕೆಲಸ ಬಲ್ಲವರೇ ಬೇಕು. ಅಂಗಡಿಗಳಲ್ಲಿ "ಕರಗಿಸಿ ಹೊಸದು ಮಾಡಿಸಿ" ಅನ್ನುತ್ತಾರೆ. ಅದು ಬೇಡವೇ ಬೇಡ.

ನಾನು ಆಭರಣ ಡಿಸೈನರ್. ಕೊಡಗಿನ ಸುಗ್ಗಿ ಹಬ್ಬ ಪುತ್ತರಿಗೆ ಅಜ್ಜಿ ಪತ್ತಾಕ್, ಕೊಕ್ಕೆತಾತಿ ಸರಗಳನ್ನು ಹಾಕಿಕೊಳ್ಳುವಾಗ ಜೋಮಾಲೆಯನ್ನು ನನ್ನ ಕೈಗೆ ಕೊಡುತ್ತಿದ್ದರು. ಚಿನ್ನದ ಗುಂಡು ಇಷ್ಟು ಹಗುರ ಹೇಗೆ ಎಂಬ ಆ ಬೆರಗೇ ನನ್ನನ್ನು ಈ ಕಸುಬಿಗೆ ತಂದದ್ದು.

ನೆಗ್ಗು ತೆಗೆಯಲಾಗದಿದ್ದರೆ ಇರಲಿ, ಗಟ್ಟಿ ನೂಲಿನಲ್ಲಿ ಮತ್ತೆ ಪೋಣಿಸಿಕೊಟ್ಟರೂ ಸಾಕು. ಎದುರು ಕೂತು ಕೆಲಸ ನೋಡಲು ಬಿಡುವವರಾದರೆ ಇನ್ನೂ ಒಳ್ಳೆಯದು.