ಥೈರಾಯ್ಡ್ ಕ್ಯಾನ್ಸರ್ ಹಾಗೇ ಬಿಟ್ಟರೆ ಏನಾಗುತ್ತದೆ?

ಪ್ರಶ್ನೆ, ಸೇಡಂನಿಂದ: ನಮ್ಮ ಅತ್ತೆಯ ಕುತ್ತಿಗೆ ಗಂಟಿಗೆ ಸೂಜಿ ಪರೀಕ್ಷೆ ಮಾಡಿಸಿದೆವು, ಪ್ಯಾಪಿಲ್ಲರಿ ಅನ್ನೋ ಜಾತಿಯ ಥೈರಾಯ್ಡ್ ಕ್ಯಾನ್ಸರ್ ಅಂತ ಬಂದಿದೆ. ನೋವಿಲ್ಲ, ತೊಗರಿ ರಾಶಿ ಮುಗಿಯಲಿ, ಆಮೇಲೆ ನೋಡೋಣ ಅಂತಾರೆ. ಭಯ ಆಗ್ತಿದೆ.

ಉತ್ತರ 1: ಅಕ್ಕಾ, ಇದು ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುವ ಜಾತಿ, ಆದರೆ ವರ್ಷಗಟ್ಟಲೆ ಬಿಟ್ಟರೆ ಮೊದಲು ಕುತ್ತಿಗೆಯ ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್), ಆಮೇಲೆ ಶ್ವಾಸಕೋಶಕ್ಕೆ, ಮೂಳೆಗೂ ಹೋಗಬಹುದು. ದನಿಯ ನರಕ್ಕೆ ತಾಗಿದರೆ ದನಿ ಒಡೆಯುತ್ತದೆ, ನುಂಗುವುದೂ ಕಷ್ಟ.

ಉತ್ತರ 2: 1 ಸೆಂ.ಮೀ.ಗಿಂತ ಚಿಕ್ಕದಿದ್ದರೆ ಜಪಾನಿನಲ್ಲಿ 1993ರಿಂದಲೇ ಕೆಲವರಿಗೆ ಆಪರೇಷನ್ ಮಾಡದೆ ಸ್ಕ್ಯಾನ್ ಮಾಡುತ್ತಾ ಕಾಯುತ್ತಾರೆ. ಅದು ಡಾಕ್ಟರ ನಿಗಾದಲ್ಲಿ, ಸುಮ್ನೆ ಬಿಡುವುದಲ್ಲ.

ಉತ್ತರ 3: ಕಲಬುರಗಿಯಲ್ಲೇ ಕಿದ್ವಾಯಿ ಕೇಂದ್ರ ಇದೆ ಅಲ್ವಾ, ರಾಶಿಗೆ ಮೊದಲೇ ತೋರಿಸಿ. ಗಂಟು ದಿಢೀರ್ ದೊಡ್ಡದಾದರೆ ಅದೇ ದಿನ ಹೋಗಿ, ಅನಾಪ್ಲಾಸ್ಟಿಕ್ ಎಂಬ ಅಪರೂಪದ ಜಾತಿ ವಾರಗಳಲ್ಲೇ ಉಸಿರುನಾಳ ಒತ್ತುತ್ತದೆ.