ಏಳು ಜನ, ಒಂದು ಬೀಟ್: ಕೊನೆಯ ವರ್ಸ್ ಯಾರದು?

ಕೆಲಗೇರಿ ತಮ್ಮ: ನಾವು ಏಳು ಜನ ಸೇರಿ ಒಂದು ಕನ್ನಡ ರ‍್ಯಾಪ್ ಹಾಡು ಮಾಡುತ್ತಿದ್ದೇವೆ. ಇಬ್ಬರು ಧಾರವಾಡ, ಮೂವರು ಹುಬ್ಬಳ್ಳಿ, ಒಬ್ಬ ಗದಗ, ಒಬ್ಬ ಶಿಗ್ಗಾವಿ. ರೆಕಾರ್ಡಿಂಗ್ ನಡೆಯೋದು ನಮ್ಮ ಕಾಕಾನ ಹಿಟ್ಟಿನ ಗಿರಣಿ ಮೇಲಿನ ಕೋಣೆಯಲ್ಲಿ. ಗೋಡೆಗೆ ಎರಡು ಗಾದಿ ನಿಲ್ಲಿಸಿದ್ದೇವೆ. ಗಿರಣಿ ಬಂದ್ ಆದ ಮೇಲೆ ಮಾತ್ರ ಕೆಲಸ, ಇಲ್ಲಾಂದ್ರೆ ಹಾಡಿನ ತುಂಬ ಜೋಳ ಬೀಸಿದ ಸದ್ದು. ಬೀಟ್, ಅಂದರೆ ಹಿಂದೆ ನುಡಿಯೋ ತಾಳ, ರೆಡಿ ಇದೆ, ಆದರೆ ಜಗಳ ಶುರುವಾಗಿದೆ. ಏಳೂ ಜನಕ್ಕೆ ತಮ್ಮ ವರ್ಸ್, ಅಂದರೆ ತಾವು ಹೇಳೋ ಸಾಲುಗಳು, ಕೊನೆಗೇ ಬರಬೇಕು! ಬಹಳ ಜನ ಸೇರಿ ಮಾಡಿದ ದೊಡ್ಡ ಹಾಡುಗಳಲ್ಲಿ ಇದನ್ನು ಹೇಗೆ ಬಗೆಹರಿಸಿದ್ದಾರೆ? ಗೊತ್ತಿದ್ದವರು ಹೇಳ್ರಿ.

ದುರ್ಗದಬೈಲ್ ಡೆಕ್: ಈ ಜಗಳ ಹೊಸದಲ್ಲ ತಮ್ಮ. ಅಮೆರಿಕದ ರ‍್ಯಾಪ್ ನಿರ್ಮಾಪಕ ಮಾರ್ಲಿ ಮಾರ್ಲ್‌ನ 1988ರ ಹಾಡು ‘ದಿ ಸಿಂಫನಿ’ ಕೇಳು. ಯಾರು ಮೊದಲು, ಯಾರು ಕೊನೆ ಅನ್ನೋ ಮಾತಿನಿಂದಲೇ ಅದು ಶುರುವಾಗುತ್ತೆ. ಮಾಸ್ಟಾ ಏಸ್, ಕ್ರೇಗ್ ಜಿ, ಕೂಲ್ ಜಿ ರ‍್ಯಾಪ್, ಕೊನೆಗೆ ಬಿಗ್ ಡ್ಯಾಡಿ ಕೇನ್. ಏಸ್ ಆಗ ಹೊಸ ಹುಡುಗ. ಹಿಂದೆ ಒಟಿಸ್ ರೆಡಿಂಗ್ ಹಾಡಿನಿಂದ ತೆಗೆದ ಪಿಯಾನೊ ತುಂಡು ಗಾಣದ ಹಾಗೆ ಸುತ್ತುತ್ತಲೇ ಇರುತ್ತೆ. ಒಬ್ಬೊಬ್ಬರು ಬರ್ತಾರೆ, ಹೋಗ್ತಾರೆ. ಗಟ್ಟಿಗನನ್ನು ಕೊನೆಗೆ ಇಡು. ನನ್ನ ಮಾತು ಇಷ್ಟೇ.

ಬ್ಯಾಡಗಿ ಖಾರ: ಒಪ್ಪೋದಿಲ್ಲ ಅಣ್ಣ. ವೂ-ಟ್ಯಾಂಗ್ ಕ್ಲ್ಯಾನ್ ಅನ್ನೋ ಅಮೆರಿಕದ ರ‍್ಯಾಪ್ ತಂಡದ ‘ಟ್ರಯಂಫ್’, 1997. ಒಂಬತ್ತು ಜನರ ವರ್ಸ್, ಪಲ್ಲವಿ ಅನ್ನೋದೇ ಇಲ್ಲ. ಮೊದಲು ಬರೋದು ಇನ್ಸ್ಪೆಕ್ಟಾ ಡೆಕ್. ಇಡೀ ಹಾಡಿನಲ್ಲಿ ಅವನದೇ ಒಳ್ಳೇದು ಅಂತ ಇವತ್ತಿಗೂ ಎಷ್ಟೋ ಜನ ಹೇಳ್ತಾರೆ. ಬಾಗಿಲು ಒದ್ದು ಒಳಗೆ ಬಂದ ಹಾಗೆ ಬರ್ತಾನೆ. ಉಳಿದ ಎಂಟು ಜನ ಅವನ ಹಿಂದೆ ಓಡಬೇಕು. ಗಟ್ಟಿಗ ಮೊದಲೇ ಬರಬೇಕು.

ದುರ್ಗದಬೈಲ್ ಡೆಕ್: ಐದನೆಯವನು ಬರೋ ಹೊತ್ತಿಗೆ ನಾನು ಫೋನ್ ನೋಡ್ತಾ ಇರ್ತೇನೆ, ಅದೇ ತೊಂದರೆ. ಮೊದಲೇ ಹೋಳಿಗೆ ಬಡಿಸಿದರೆ ಆಮೇಲೆ ಅನ್ನ ಸಾರು ಯಾರಿಗೆ ಬೇಕು?

ಬ್ಯಾಡಗಿ ಖಾರ: ನಮ್ಮ ಕಡೆ ಹೋಳಿಗೆ ಮೊದಲೇ ಬಡಿಸ್ತಾರಲ್ರಿ. ಅನ್ನ ಆಮೇಲೆ. ನೀವು ಎಲ್ಲಿ ಊಟಕ್ಕೆ ಹೋಗ್ತೀರಿ?

ಮುಂಡರಗಿ ಅಕ್ಕ: ಊಟದ ಮಾತು ಬಿಡ್ರಿ. ತಮ್ಮ, ಏಳು ಜನ ಅಂದೆ, ಅದರಲ್ಲಿ ಹುಡುಗಿ ಎಷ್ಟು? ನನಗೆ ಗೊತ್ತು, ಸೊನ್ನೆ. 2010ರ ‘ಮಾನ್ಸ್ಟರ್’ ಹಾಡು ಕಾನ್ಯೆ ವೆಸ್ಟ್‌ನದು. ರಿಕ್ ರಾಸ್ ಇದ್ದಾನೆ, ಜೇ-ಝೀ ಇದ್ದಾನೆ. ಜನ ನೆನಪಿಟ್ಟುಕೊಂಡಿದ್ದು ನಿಕಿ ಮಿನಾಜ್ ವರ್ಸ್. ಆಗ ಅವಳ ಮೊದಲ ಸ್ಟುಡಿಯೋ ಆಲ್ಬಂ ಕೂಡ ಬಂದಿರಲಿಲ್ಲ. ಒಮ್ಮೆ ಮುದ್ದಾಗಿ, ಒಮ್ಮೆ ಗುಡುಗಿನ ಹಾಗೆ, ಒಂದೇ ಉಸಿರಲ್ಲಿ ಇಬ್ಬರು ಹೆಂಗಸರು ಜಗಳ ಆಡಿದ ಹಾಗೆ ದನಿ ಬದಲಿಸ್ತಾಳೆ. ಅವಳು ಕಳೆದುಕೊಳ್ಳೋದು ಏನೂ ಇರಲಿಲ್ಲ, ಹಾಗಾಗಿ ಪೂರ್ತಿ ಸುರಿದಳು. ಹೆಸರು ದೊಡ್ಡದಾದವರು ಇಂಥ ಹಾಡಿಗೆ ಸುಮ್ನೆ ಬಂದು ಸಹಿ ಹಾಕಿ ಹೋಗ್ತಾರೆ. ಕೊನೆಯ ಜಾಗವನ್ನು ಹಸಿದವರಿಗೆ ಕೊಡು.

ಹಳೇ ಹುಬ್ಬಳ್ಳಿ ಕಾಕಾ: ನನ್ನ ಮಗ ಈ ಹಾಡುಗಳನ್ನು ಕೇಳಿಸಿದ. ಚಂದ ಇವೆ. ಆದರೆ ನಾವು ಜಾತ್ರೆಯಲ್ಲಿ ರಾತ್ರಿ ಇಡೀ ಗೀಗೀ ಪದ ಕೇಳಿದವರು. ಒಂದು ಕಡೆ ಹರದೇಶಿ, ಗಂಡು ಹೆಚ್ಚು ಅಂತ. ಇನ್ನೊಂದು ಕಡೆ ನಾಗೇಶಿ, ಹೆಣ್ಣು ಹೆಚ್ಚು ಅಂತ. ದಪ್ಪು, ತುಂತುಣಿ, ಟಾಳ. ಒಬ್ಬರು ಸವಾಲು ಹಾಕಿ ಕೂತರೆ ಇನ್ನೊಬ್ಬರು ಎದ್ದು ಅದನ್ನು ಒಡೆಯಬೇಕು, ಇಲ್ಲಾಂದ್ರೆ ಮಾನ ಹೋಯಿತು. ನಿಮ್ಮ ರ‍್ಯಾಪಿನಲ್ಲಿ ಒಬ್ಬ ಹೇಳಿದ್ದನ್ನು ಇನ್ನೊಬ್ಬ ಕೇಳಿಸಿಕೊಂಡೇ ಇರೋದಿಲ್ಲ. ಎಲ್ಲರೂ ‘ನಾನು, ನಾನು’. ಬಸ್ಸಿಗೆ ಕಾದು ನಿಂತವರ ಹಾಗೆ ಒಬ್ಬರ ಹಿಂದೆ ಒಬ್ಬರು.

ಬ್ಯಾಡಗಿ ಖಾರ: ಕಾಕಾ, ಎಲ್ಲಾ ಹಾಗಲ್ಲ. ‘ಸಿನಾರಿಯೋ’ ಕೇಳ್ರಿ, ಎ ಟ್ರೈಬ್ ಕಾಲ್ಡ್ ಕ್ವೆಸ್ಟ್ ತಂಡದ 1991ರ ಆಲ್ಬಂನಲ್ಲಿದೆ. ಒಬ್ಬ ಹೇಳುವಾಗ ಉಳಿದವರು ಹಿಂದಿನಿಂದ ಕೂಗು ಹಾಕ್ತಾರೆ. ನಿಮ್ಮ ಗೀಗೀ ಹಿಮ್ಮೇಳ ಇದ್ದ ಹಾಗೇ. ಹಾಗೆ ಏರಿಸಿ ಏರಿಸಿ ಕೊನೆಗೆ ಬಸ್ಟಾ ರೈಮ್ಸ್‌ನನ್ನು ಬಿಡ್ತಾರೆ. ಆಗ ಅವನು ಇನ್ನೂ ಹುಡುಗ. ಸಿಂಹದ ಹಾಗೆ ಗರ್ಜಿಸಿ ಹೋದ.

ದುರ್ಗದಬೈಲ್ ಡೆಕ್: ಕೊನೆಗೆ. ನೀನೇ ಹೇಳಿದೆ, ಕೊನೆಗೆ. ಬರೆದಿಟ್ಟುಕೊಂಡೆ.

ಹಳೇ ಹುಬ್ಬಳ್ಳಿ ಕಾಕಾ: ಕೇಳಿದೆ. ಹಿಮ್ಮೇಳ ಇದೆ, ಒಪ್ಪಿದೆ. ಸವಾಲು ಮಾತ್ರ ಎಲ್ಲೂ ಕಾಣಲಿಲ್ಲ.

ಲೈನ್ ಬಜಾರ್ ಲೆಕ್ಕಿಗ: ಮೊದಲು ಲೆಕ್ಕ ಮಾಡ್ರಿ. ತಮ್ಮ, ಬೀಟ್ ವೇಗ ಎಷ್ಟು?

ಕೆಲಗೇರಿ ತಮ್ಮ: ನಿಮಿಷಕ್ಕೆ 90 ಬೀಟ್ ಅಣ್ಣ. ಒಬ್ಬೊಬ್ಬರಿಗೆ 16 ಬಾರ್, ನಾಲ್ಕು ಬೀಟಿಗೆ ಒಂದು ಬಾರ್.

ಲೈನ್ ಬಜಾರ್ ಲೆಕ್ಕಿಗ: 16 ಬಾರ್ ಅಂದರೆ 64 ಬೀಟ್, ಸುಮಾರು 43 ಸೆಕೆಂಡ್. ಏಳು ಜನಕ್ಕೆ 112 ಬಾರ್, ಹತ್ತಿರ ಹತ್ತಿರ ಐದು ನಿಮಿಷ, ಅದೂ ಪಲ್ಲವಿ ಇಲ್ಲದೆ. ಯಾರು ಕೇಳ್ತಾರೆ? ಎಂಟೆಂಟು ಬಾರ್ ಮಾಡಿ, ಎರಡೂವರೆ ನಿಮಿಷದಲ್ಲಿ ಮುಗಿಯುತ್ತೆ. 1989ರಲ್ಲಿ ಹಿಂಸೆ ಬೇಡ ಅಂತ ಮಾಡಿದ ‘ಸೆಲ್ಫ್ ಡಿಸ್ಟ್ರಕ್ಷನ್’ನಲ್ಲಿ ಹತ್ತಕ್ಕೂ ಜಾಸ್ತಿ ಜನ ಇದ್ದಾರೆ. ತಮ್ಮ ಪಾಲು ಹೇಳಿ ಬೇಗ ಮೈಕ್ ಬಿಡ್ತಾರೆ.

ಮುಂಡರಗಿ ಅಕ್ಕ: ಅದು ಒಳ್ಳೆ ಕೆಲಸಕ್ಕೆ ಮಾಡಿದ ಹಾಡು, ಅಲ್ಲಿ ಯಾರೂ ಯಾರನ್ನೂ ಮೀರಿಸಬೇಕಿರಲಿಲ್ಲ. ಎಂಟು ಬಾರ್‌ನಲ್ಲಿ ಗಂಟಲು ಸರಿ ಮಾಡಿಕೊಳ್ಳೋದೇ ಆಗುತ್ತೆ.

ಕೆಲಗೇರಿ ತಮ್ಮ: ನಿನ್ನೆ ರಾತ್ರಿ ಒಂದು ಮಜಾ ಆಯಿತು. ಹಳೇ ಹುಬ್ಬಳ್ಳಿ ಕಾಕಾ ಇಲ್ಲಿ ಬರೆದಿದ್ದನ್ನು ಗೆಳೆಯರಿಗೆ ಓದಿ ಹೇಳಿದೆ. ಶಿಗ್ಗಾವಿ ಹುಡುಗ ಮೊಹರಂನಲ್ಲಿ ರಿವಾಯತ್ ಪದ ಹಾಡೋನು. ಸುಮ್ನೆ ಮೂಲೆಯಲ್ಲಿ ಕೂತಿದ್ದ. ಗದಗಿನವನ ವರ್ಸ್ ‘ಧೂಳು’ ಅಂತ ಮುಗಿಯುತ್ತೆ. ಇವನು ಎದ್ದು, ಹಾಳೆ ಕೆಳಗೆ ಇಟ್ಟು, ‘ಧೂಳು ಅಂದ್ಯಲ್ಲೋ’ ಅಂತ ಅಲ್ಲಿಂದಲೇ ಹಿಡಿದ. ಬರೆದಿದ್ದು ಒಂದು ಸಾಲೂ ಹೇಳಲಿಲ್ಲ. ಗದಗಿನವನ ಮುಖ ನೋಡಬೇಕಿತ್ತು! ಈಗ ಎಲ್ಲರೂ ತಮ್ಮ ವರ್ಸ್ ಹರಿದು ಹಾಕಿ ಹೊಸದಾಗಿ ಬರೀತಿದ್ದಾರೆ. ಹಿಂದಿನವನ ಕೊನೆಯ ಪದ ಹಿಡಿದೇ ಶುರು ಮಾಡಬೇಕು ಅಂತ ಕರಾರು. ಈಗ ಯಾರಿಗೂ ಶಿಗ್ಗಾವಿ ಹುಡುಗನ ಹಿಂದೆ ಬರೋದು ಬೇಡವಾಗಿದೆ.

ಹಳೇ ಹುಬ್ಬಳ್ಳಿ ಕಾಕಾ: ಆ ಹುಡುಗನಿಗೆ ಒಂದು ಪ್ಲೇಟ್ ಗಿರ್ಮಿಟ್ ನನ್ನ ಲೆಕ್ಕದಲ್ಲಿ ಕೊಡಿಸು.

ಕೆಲಗೇರಿ ತಮ್ಮ: ಆಯ್ತು ಕಾಕಾ. ಅಕ್ಕ, ಭಾನುವಾರ ಗಿರಣಿ ಬಂದ್ ಇರುತ್ತೆ. ನೀವೂ ಬರೀತೀರಿ ಅಂತ ಗದಗಿನವನು ಹೇಳಿದ. ಬರ್ತೀರಾ?

ಮುಂಡರಗಿ ಅಕ್ಕ: ಬರ್ತೇನೆ. ಆ ಶಿಗ್ಗಾವಿ ಹುಡುಗನ ಹಿಂದೆಯೇ ನಿಲ್ಲಿಸು.

ಲೈನ್ ಬಜಾರ್ ಲೆಕ್ಕಿಗ: ಎಂಟು ಜನ, 128 ಬಾರ್, ಐದು ನಿಮಿಷ 41 ಸೆಕೆಂಡ್. ನನ್ನ ಮಾತು ಯಾರೂ ಕೇಳೋದಿಲ್ಲ ಬಿಡ್ರಿ.