ಸಹಾಯ ಬೇಕು: ನನ್ನ ಐಸ್ ಹಾಕಿ ತಂಡಕ್ಕೆ ಗೋಲ್‌ಕೀಪರ್

ದಾವಣಗೆರೆಯ ನಾವು ಆರು ಗೆಳೆಯರು ಕಂಪ್ಯೂಟರಿನಲ್ಲಿ ಐಸ್ ಹಾಕಿ ಲೀಗ್ ನಡೆಸುತ್ತೇವೆ. ಆಟಗಾರರೆಲ್ಲ ಕಾಲ್ಪನಿಕ. ಋತು ಮುಗಿದಿದೆ, ನನ್ನ ಗೋಲ್‌ಕೀಪರ್ ನಿವೃತ್ತನಾಗಿದ್ದಾನೆ. ನಾಲ್ಕು ಋತು ತಂಡವನ್ನು ಕಾಪಾಡಿದವನು. ನೋಟ್‌ಬುಕ್ಕಿನಲ್ಲಿ ಅವನ ಹೆಸರಿನ ಮೇಲೆ ಗೀಟು ಎಳೆಯಲು ಇನ್ನೂ ಕೈ ಬಂದಿಲ್ಲ.

ಪಂದ್ಯಕ್ಕೆ 20 ಜನ ಬೇಕು, ಅದರಲ್ಲಿ ಇಬ್ಬರು ಗೋಲ್‌ಕೀಪರ್‌ಗಳು. ನನ್ನಲ್ಲಿ ಉಳಿದಿರುವವನು 19 ವರ್ಷದ ಹುಡುಗ ಒಬ್ಬನೇ. ನಿಟುವಳ್ಳಿಯ ಗೆಳೆಯ ಅನುಭವಿಯೊಬ್ಬನನ್ನು ಕೊಡಲು ಸಿದ್ಧ, ಆದರೆ ನನ್ನ ಅತ್ಯುತ್ತಮ ಡಿಫೆಂಡರನನ್ನೇ ಕೇಳುತ್ತಿದ್ದಾನೆ. ಅವನನ್ನು ಬಿಟ್ಟುಕೊಟ್ಟರೆ, ಪೆನಾಲ್ಟಿಯಾಗಿ ಒಬ್ಬ ಹೊರಗೆ ಕೂತು, ಒಮ್ಮೆಗೆ ಆಡುವ ಆರರ ಬದಲು ಐವರೇ ಮಂಜಿನ ಮೇಲೆ ನಿಂತಾಗ ತಡೆಯುವವರು ಯಾರು? ಕೊಡಲೇ, ಹುಡುಗನನ್ನೇ ನಂಬಿ ಇನ್ನೊಬ್ಬನನ್ನು ಹುಡುಕಲೇ? ಇಂಥ ಲೀಗ್ ಆಡಿದ ಅನುಭವವಿದ್ದವರು ದಯವಿಟ್ಟು ತಿಳಿಸಿ. ಭಾನುವಾರ ಸಂಜೆ ಮಂಡಕ್ಕಿ, ಮಿರ್ಚಿ ಮುಂದಿಟ್ಟುಕೊಂಡು ಮಾತಿಗೆ ಕೂರುತ್ತೇವೆ. ಅಷ್ಟರೊಳಗೆ ಉತ್ತರ ಹೇಳಬೇಕು.